ಬಾಟ್ಲಿಯಿಂದ ಸರ್ವರ್‌ಗೆ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ ಪ್ಯಾಟಿ ದಾಟಿ ಸವದತ್ತಿ ಕಡೆ ಹೋಗ್ತಾಳೆ. ನಮ್ಮ ಕಡೆ ಹಳ್ಳಿಯವರಿಗೆ ನೀರು ಕೆಟ್ಟಿದೆಯಾ ಅಂತ ತಿಳಿಯೋಕೆ ಇರುವ ಸೆನ್ಸರ್ ಎರಡೇ: ಮೂಗು ಮತ್ತು ದನ.

ಸರ್ಕಾರದ ಸೆನ್ಸರ್ ಬಂದದ್ದು 1974ರಲ್ಲಿ. ಜಲ ಕಾಯ್ದೆ ಬಂತು, ಅದೇ ವರ್ಷ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹುಟ್ಟಿತು. ಅಧಿಕಾರಿ ಬರಬೇಕು, ನೋಟಿಸ್ ಕೊಡಬೇಕು, ಮಾದರಿಯನ್ನು ಎರಡು ಭಾಗ ಮಾಡಿ ಬಾಟ್ಲಿಗೆ ಸೀಲು ಹಾಕಬೇಕು. ಆಗಷ್ಟೇ ಅದು ಕೋರ್ಟಿನಲ್ಲಿ ಸಾಕ್ಷಿ. ಅಧಿಕಾರಿ ಬಂದ ದಿನ ಲೆಕ್ಕ ಸಿಗ್ತಿತ್ತು. ಉಳಿದ ದಿನ ದೇವರೇ ಗತಿ.

ನಲವತ್ತು ವರ್ಷದ ಮೇಲೆ, 2014ರಲ್ಲಿ, ಎರಡು ಬದಲಾವಣೆ ಆದವು. ಫೆಬ್ರವರಿಯಲ್ಲಿ ಕೇಂದ್ರ ಮಂಡಳಿ 17 ಬಗೆಯ ಉದ್ಯಮಗಳಿಗೆ ಆನ್‌ಲೈನ್ ಮೀಟರ್ ಕಡ್ಡಾಯ ಮಾಡಿತು. ಆ ಪಟ್ಟಿಯಲ್ಲಿ ಸಕ್ಕರೆ, ಡಿಸ್ಟಿಲರಿ ಎರಡೂ ಇವೆ. ಬೆಳಗಾವಿಯಂಥ ಕಬ್ಬಿನ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಏಪ್ರಿಲ್ 1ರಿಂದ ಸಿಎಸ್‌ಆರ್ ಜಾರಿಗೆ ಬಂತು: ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಮಾಜಕ್ಕೆ ಖರ್ಚು ಮಾಡಬೇಕು. 2017ರಲ್ಲಿ ಸುಪ್ರೀಂ ಕೋರ್ಟ್, ಮೀಟರಿನ ಅಂಕಿ ಜನರಿಗೂ ಕಾಣುವಂತೆ ರಾಜ್ಯ ಮಂಡಳಿಯ ಪೋರ್ಟಲ್‌ನಲ್ಲಿರಲಿ ಅಂದಿತು. 2022–23ರಿಂದ ಸೆಬಿ, ಷೇರುಪೇಟೆಯ ಮೊದಲ 1000 ಕಂಪನಿಗಳಿಂದ ನೀರು, ಹೊಗೆ, ಕಸ, ಕೂಲಿ ಎಲ್ಲದರ ವರದಿ ಕಡ್ಡಾಯವಾಗಿ ಕೇಳುತ್ತಿದೆ.

ಅಂದ್ರೆ ಲೆಕ್ಕ ಹೆಚ್ಚಿತು. ಜವಾಬ್ದಾರಿ? ಇಲ್ಲೇ ಗಂಟು. ಸೆಬಿ ವರದಿಯ ಬಹುಪಾಲು ಅಂಕಿ ಇಡೀ ಕಂಪನಿಯ ಮೊತ್ತ. ಹಲವು ರಾಜ್ಯಗಳಲ್ಲಿ ಘಟಕಗಳಿರುವ ಹಿಂಡಾಲ್ಕೊದಂಥ ಕಂಪನಿಯ ಮೊತ್ತ ನೋಡಿ, ಬೆಳಗಾವಿಯ ಯಮನಾಪುರದ ಅಲ್ಯುಮಿನಾ ಕಾರ್ಖಾನೆಯ ಪಾಲು ಎಷ್ಟು ಅಂತ ಹೇಳೋಕಾಗಲ್ಲ. ಇನ್ನು ಮೀಟರ್. ಪ್ರೋಬ್ ಮೇಲೆ ಕೊಳೆ ಕೂತರೂ ಗ್ರಾಫ್ ಸಪಾಟಾಗಬಹುದು, ನೀರು ಶುದ್ಧವಾಗಿದ್ದರೂ ಸಪಾಟೇ. ಯಾವುದು ನಿಜ ಅಂತ ನೋಡೋಕೆ ಸ್ಥಳಕ್ಕೆ ಹೋಗಲೇಬೇಕು. ಕಾನೂನಿಗೂ ಇನ್ನೂ ಆ ಸೀಲು ಹಾಕಿದ ಬಾಟ್ಲಿಯೇ ಬೇಕು.

ಒಟ್ಟಿನಲ್ಲಿ ಅಂಕಿ ಮೇಲಕ್ಕೆ ಹತ್ತಿದೆ: ಬೆಂಗಳೂರಿಗೆ, ದೆಹಲಿಗೆ, ಮುಂಬೈಗೆ. ಕೆಳಗೆ ನದಿ ದಂಡೆಗೆ ಇಳಿದಿಲ್ಲ. ಓದೋರು ಹೂಡಿಕೆದಾರರು, ಆಡಿಟರ್‌ಗಳು. ನೀರು ಕುಡಿಯೋರು ಬೇರೆಯವರು.

ಈ ಡ್ಯಾಶ್‌ಬೋರ್ಡ್ ಕಟ್ಟೋರು ನಮ್ಮಂಥವರೇ ಅಲ್ವಾ? ಮುಂದಿನ ರಿಕ್ವೈರ್‌ಮೆಂಟ್ ಮೀಟಿಂಗ್‌ನಲ್ಲಿ ಒಂದು ಪ್ರಶ್ನೆ ಕೇಳಿ: ಇದೇ ಅಂಕಿ ಹತ್ತಿರದ ಗ್ರಾಮ ಪಂಚಾಯಿತಿ ಗೋಡೆ ಮೇಲೆ ಕನ್ನಡದಲ್ಲಿ, ನಮ್ಮ ಖಾನಾಪುರದಲ್ಲಾದರೆ ಮರಾಠಿಯಲ್ಲೂ, ದಿನಾ ಕಾಣೋ ಹಾಗೆ ಮಾಡೋಕೆ ಎಷ್ಟು ದಿನ ಬೇಕು? ತಾಂತ್ರಿಕವಾಗಿ ಒಂದು ವಾರದ ಕೆಲಸ. ತಡ ಆಗ್ತಿರೋದು ಕೋಡ್‌ನಿಂದಲ್ಲ.