ಕೂಲಿಮಠದಿಂದ ಎಸ್‌ಡಿಎಂಸಿವರೆಗೆ

ಶಾಲೆ ನಡೆಸುವುದು ಸರ್ಕಾರದ ಹೊಣೆ ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಹಳೆಯದೇನಲ್ಲ. ಎರಡು ಶತಮಾನಗಳ ಹಿಂದೆ ಹೊಸಪೇಟೆ, ಹಂಪಿ, ಕಂಪ್ಲಿ ಸೀಮೆಯಲ್ಲಿ ಮಕ್ಕಳ ಓದುಬರಹ ಬಹುಮಟ್ಟಿಗೆ ನಡೆಯುತ್ತಿದ್ದುದು ಹೆತ್ತವರ ದುಡ್ಡಿನಿಂದ. ಅವರ ಕೈ ಸೋತಾಗ ಶಾಲೆಯೂ ಸೋತಿತು. ಇದಕ್ಕೆ ಸಾಕ್ಷಿ 1823ರ ಒಂದು ವರದಿ.

ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತ್ಯದ ದೇಶೀಯ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮರುವರ್ಷ ಉತ್ತರ ಕಳುಹಿಸಿದ. ಅನಂತಪುರದ ಭಾಗವೂ ಸೇರಿದ್ದ ಅಂದಿನ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641. ಇವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಸಂಡೂರು ಆಗ ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನ.

ಮಗುವಿಗೆ ಐದು ತುಂಬಿದಾಗ ಮನೆಯವರು ಗುರುವನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆಯುತ್ತಿದ್ದರು. ಗಣಪತಿಯ ಮುಂದೆ ಎಲ್ಲರೂ ಸುತ್ತುಗಟ್ಟಿ ಕೂತು, ಗುರು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ಬರೆಸುತ್ತಿದ್ದ. ಮರುದಿನದಿಂದ ಮರಳಿನ ಮೇಲೆ ಅಕ್ಷರ ತಿದ್ದುವ ಕೆಲಸ. ತಿಂಗಳಿಗೆ ನಾಲ್ಕಾಣೆ, ಕಾಗದದ ಮೇಲೆ ಬರೆಯುವ ಮಟ್ಟಕ್ಕೆ ಬಂದರೆ ಎಂಟಾಣೆ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಇಲ್ಲಿನ ಕ್ರಮವನ್ನು ಇಂಗ್ಲೆಂಡ್ ಅನುಸರಿಸಿದ್ದು ಸರಿಯೇ ಎಂದು ಕ್ಯಾಂಪ್‌ಬೆಲ್ ಮೆಚ್ಚಿದ್ದಾನೆ.

ಆದರೆ ಮೊದಲು ಶಾಲೆಯಿದ್ದ ಹಲವು ಊರುಗಳಲ್ಲಿ ಈಗ ಅದಿಲ್ಲ ಎಂದೂ ಅವನು ಬರೆದ. ಕಾರಣ ಹೆತ್ತವರ ಅಸಡ್ಡೆಯಲ್ಲ, ಬಡತನ. ಯೂರೋಪಿನ ಬಟ್ಟೆ ಬಂದು ಇಲ್ಲಿನ ನೇಕಾರಿಕೆ ಕುಗ್ಗಿತ್ತು. ಫೀಸು ಕೊಡಲಾಗದ ಮನೆಗಳಿಗೆ ಎಳೆಯ ಮಕ್ಕಳ ದುಡಿಮೆಯೂ ಬೇಕಾಗಿತ್ತು.

ಹಾಗೆಂದು ಕೂಲಿಮಠವನ್ನು ಚಿನ್ನದ ಕಾಲವೆಂದು ಹೊಗಳುವಂತಿಲ್ಲ. ಅಷ್ಟು ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60. ಹೆತ್ತವರ ಕೈಯಲ್ಲೇ ಶಾಲೆಯಿದ್ದಾಗ ಉಳ್ಳವರ ಮನೆಯ ಗಂಡುಮಕ್ಕಳಿಗೇ ಹೆಚ್ಚಿನ ಪಾಲು ಸಿಗುತ್ತಿತ್ತು.

ಮುಂದೆ ಶಾಲೆ ಸರ್ಕಾರದ್ದಾಯಿತು. ಫೀಸಿನ ಭಾರ ಇಳಿಯಿತು, ಬಾಗಿಲು ಎಲ್ಲರಿಗೂ ತೆರೆಯಿತು. ಜೊತೆಗೇ ಊರಿನವರು ಅದನ್ನು ‘ಮೇಷ್ಟರ ಶಾಲೆ’ ಎಂದು ದೂರ ನಿಂತು ನೋಡುವಂತಾಯಿತು. ಈ ಅಂತರ ಕಳೆಯಲೆಂದೇ ಕರ್ನಾಟಕ ಸರ್ಕಾರ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಗಳನ್ನು ರಚಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸ್ಥಾನ ಪೋಷಕರಿಗೆ, ಅರ್ಧದಷ್ಟು ಮಹಿಳೆಯರಿಗೆ ಎಂದು ಗೊತ್ತುಪಡಿಸಿತು. 60 ಹೆಣ್ಣುಮಕ್ಕಳ ಲೆಕ್ಕ ಬರೆದಿಟ್ಟ ಸೀಮೆಯಲ್ಲಿ ಇಂದು ತಾಯಂದಿರು ಶಾಲೆಯ ಲೆಕ್ಕ ಕೇಳಬಲ್ಲರು.

ಆದರೆ ಹಕ್ಕು ಬಂದೊಡನೆ ಬಿಡುವು ಬರುವುದಿಲ್ಲ. 2000ದ ದಶಕದಲ್ಲಿ ಕಬ್ಬಿಣದ ಅದಿರಿಗೆ ಬೆಲೆ ಏರಿದಾಗ ಸಂಡೂರು, ಹೊಸಪೇಟೆ ಭಾಗದಲ್ಲಿ ಅದಿರು ಒಡೆಯುವ ಕೂಲಿಗೆ ದೊಡ್ಡವರೊಡನೆ ಮಕ್ಕಳೂ ಹೋದರು. ಕ್ಯಾಂಪ್‌ಬೆಲ್ ಕಂಡ ಅದೇ ಕಾರಣ ಬೇರೆ ರೂಪದಲ್ಲಿ ಮರಳಿತ್ತು. ಅಂಥ ಮನೆಗಳ ಮಕ್ಕಳನ್ನು ಶಾಲೆಯಲ್ಲಿ ಉಳಿಸಲು ಬುದ್ಧಿಮಾತಿಗಿಂತ ಹೆಚ್ಚು ನೆರವಾಗಬಲ್ಲದ್ದು, 2002ರಲ್ಲಿ ಬಳ್ಳಾರಿಯೂ ಸೇರಿ ಏಳು ಜಿಲ್ಲೆಗಳಲ್ಲಿ ಮೊದಲು ಶುರುವಾದ ಬಿಸಿಯೂಟದಂಥ ಆಸರೆ.

ಪೋಷಕರು ಸಭೆಗೆ ಬರುವುದಿಲ್ಲ ಎಂದು ದೂರುವ ಮುನ್ನ ಸಭೆ ಎಷ್ಟು ಗಂಟೆಗೆ ಎಂದು ಕೇಳಬೇಕು. ದಿನಗೂಲಿ ಕಳೆದುಕೊಂಡು ಬರಬೇಕಾದ ಸಭೆ ಬಡವರ ಪಾಲಿಗೆ ಇನ್ನೊಂದು ಫೀಸೇ ಸರಿ.