ಮುಟ್ಟು ನಿಲ್ಲುವ ವಯಸ್ಸಿನ ಮೈ ಝಳಕ್ಕೆ ಮನೋರೋಗದ ಗುಳಿಗೆ: ಯಾಕೆ ಕೊಡ್ತಾರೆ, ಯಾರಿಗೆ ಬೇಡ?

ಮಾಗಡಿ (ಶಿರಹಟ್ಟಿ ತಾ.): ಗದಗಿನಲ್ಲೋ ಲಕ್ಷ್ಮೇಶ್ವರದಲ್ಲೋ ಸ್ತ್ರೀರೋಗ ಡಾಕ್ಟರಿಗೆ ತೋರಿಸಿಕೊಂಡು, ಅವರು ಬರೆದ ಚೀಟಿ ಹಿಡಿದು ಮೆಡಿಕಲ್ ಅಂಗಡಿಗೆ ಹೋದರೆ ಕೆಲವೊಮ್ಮೆ ಒಂದು ಪ್ರಶ್ನೆ ಎದುರಾಗುತ್ತದೆ. 'ಇದು ಡಿಪ್ರೆಶನ್ ಗುಳಿಗಿ ಐತ್ರಿ, ಯಾರಿಗೆ ಇದು?' ಅಷ್ಟೇ ಸಾಕು. 'ಅವ್ವಗ ತಲಿ ಕೆಟ್ಟೈತೇನು' ಅಂತ ಮನೆಯಲ್ಲಿ ಗುಸುಗುಸು ಶುರು, ಗುಳಿಗೆ ಪಾಕೀಟು ಮಾಡದಲ್ಲಿ ಧೂಳು ತಿನ್ನುತ್ತದೆ. ಡಾಕ್ಟರು ಆ ಗುಳಿಗೆ ಬರೆದದ್ದು ತಲೆಗಲ್ಲ, ಮೈ ಝಳಕ್ಕೆ ಅನ್ನುವುದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

ನಮ್ಮ ದೇಶದ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ 46-47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ಅದಕ್ಕೆ ಒಂದೆರಡು ವರ್ಷ ಮೊದಲೇ ಝಳ ಶುರುವಾಗಬಹುದು. ಎದೆಯಿಂದ ಮುಖದ ತನಕ ಬೆಂಕಿ ಹಚ್ಚಿದಂಗ ಆಗಿ, ಬೆವರು ಇಳಿದು, ಆಮೇಲೆ ಚಳಿ ಹತ್ತುತ್ತದೆ. ಎರಡು-ನಾಲ್ಕು ನಿಮಿಷದ ಮಾತು. ಆದರೆ ರಾತ್ರಿ ನಾಲ್ಕೈದು ಸಲ ಎದ್ದು ಕೂತವರಿಗೆ ಮರುದಿನ ಹೊಲದಲ್ಲಿ ಕಸ ತೆಗೆಯಲೂ ಆಗದು, ಅಂಗಡಿ ಗಲ್ಲೆ ಮೇಲೆ ಕೂತು ಲೆಕ್ಕ ಮಾಡಲೂ ಆಗದು. 'ಒಂದು ವರ್ಷದಾಗ ಹೋಗ್ತೈತಿ' ಅನ್ನುವುದು ಎಲ್ಲರ ವಿಷಯದಲ್ಲಿ ನಿಜವಲ್ಲ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ 'ಸ್ವಾನ್' ಅಧ್ಯಯನದಲ್ಲಿ, ಪದೇ ಪದೇ ಝಳ ಬರುತ್ತಿದ್ದವರಲ್ಲಿ ಅರ್ಧದಷ್ಟು ಜನರಿಗೆ ಅದು 7 ವರ್ಷಕ್ಕೂ ಹೆಚ್ಚು ಕಾಲ ಕಾಡಿತ್ತು.

ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರ ಕಷ್ಟ ಇನ್ನೂ ಜೋರು. ಅವರಿಗೆ ಝಳ ನಿಧಾನವಾಗಿ ಬರುವುದಿಲ್ಲ, ಆಪರೇಶನ್ ಆದ ಕೆಲವೇ ದಿನದಲ್ಲಿ ಒಮ್ಮೆಗೇ ಬರುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ಆರೋಪ ಕಳೆದ ದಶಕದಲ್ಲಿ ರಾಜ್ಯದಲ್ಲೇ ಸುದ್ದಿಯಾಗಿತ್ತು. 35ಕ್ಕೇ ಹೀಗೆ ಆದವರು 'ವಯಸ್ಸಿನ ಸಲುವಾಗಿ' ಅಂತ ಸುಮ್ಮನೆ ಕೂಡಬಾರದು. ಅವರು ಎಲುಬಿನ ಬಲದ ಬಗ್ಗೆಯೂ ಡಾಕ್ಟರಿಗೆ ಕೇಳಬೇಕು.

ತಲೆಗೂ ಝಳಕ್ಕೂ ಏನು ಸಂಬಂಧ?

ಮೈಯ ಕಾವನ್ನು ಕಾಯುವ ಜಾಗ ಇರುವುದು ಮಿದುಳಿನಲ್ಲಿ, ಹೈಪೊಥಲಾಮಸ್ ಎಂಬ ಭಾಗದಲ್ಲಿ. ಈಸ್ಟ್ರೋಜನ್ ಕಡಿಮೆಯಾದಾಗ ಅದು ಅತಿ ಸೂಕ್ಷ್ಮವಾಗುತ್ತದೆ. ಮೈ ಕಾವು ಎಳ್ಳಷ್ಟು ಏರಿದರೂ 'ಬೆವರು ಹರಿಸು' ಎಂದು ಆಜ್ಞೆ ಕೊಟ್ಟುಬಿಡುತ್ತದೆ. ಈ ಕೆಲಸದಲ್ಲಿ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಪಾತ್ರವೂ ಇದೆ. ಖಿನ್ನತೆಯ ಗುಳಿಗೆ ಕೆಲಸ ಮಾಡುವುದು ಇದೇ ರಾಸಾಯನಿಕಗಳ ಮೇಲೆ. ಹಾಗಾಗಿ ಖಿನ್ನತೆ ಇಲ್ಲದವರಿಗೂ ಝಳ ಇಳಿಯುತ್ತದೆ. ಖಿನ್ನತೆಗೆ ಗುಣ ಕಾಣಲು ನಾಲ್ಕಾರು ವಾರ ಬೇಕು, ಝಳಕ್ಕೆ ಒಂದೆರಡು ವಾರದಲ್ಲೇ ಗೊತ್ತಾಗುತ್ತದೆ. ಪ್ರಮಾಣವೂ ಸಾಮಾನ್ಯವಾಗಿ ಕಡಿಮೆ.

ಹೆಚ್ಚಾಗಿ ಬರೆಯುವುದು ವೆನ್ಲಾಫ್ಯಾಕ್ಸಿನ್, ಡೆಸ್‌ವೆನ್ಲಾಫ್ಯಾಕ್ಸಿನ್, ಎಸ್ಸಿಟಾಲೊಪ್ರಾಮ್, ಪ್ಯಾರೊಕ್ಸೆಟಿನ್. ಅಮೆರಿಕದ ಔಷಧ ಇಲಾಖೆ 2013ರಲ್ಲಿ ಪ್ಯಾರೊಕ್ಸೆಟಿನ್‌ನ 7.5 ಮಿ.ಗ್ರಾಂ. ಪ್ರಮಾಣಕ್ಕೆ ಝಳದ ಔಷಧಿ ಎಂದೇ ಒಪ್ಪಿಗೆ ಕೊಟ್ಟಿತು. ಹಾರ್ಮೋನ್ ಅಲ್ಲದ ಔಷಧಿಗೆ ಸಿಕ್ಕ ಮೊದಲ ಒಪ್ಪಿಗೆ ಅದು.

ಫಲ ಎಷ್ಟು? ಇದನ್ನು ಉಬ್ಬಿಸಿ ಹೇಳಬಾರದು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 205 ಮಹಿಳೆಯರಿದ್ದರು, ದಿನಕ್ಕೆ ಸರಾಸರಿ 10ರ ಹತ್ತಿರ ಝಳ. 8 ವಾರದ ಮೇಲೆ ಎಸ್ಸಿಟಾಲೊಪ್ರಾಮ್ ತಗೊಂಡವರಲ್ಲಿ ಅದು 5ರ ಆಸುಪಾಸಿಗೆ ಇಳಿಯಿತು. ಔಷಧಿಯೇ ಇಲ್ಲದ ಹುಸಿಗುಳಿಗೆ ತಗೊಂಡವರಲ್ಲೂ 6ರ ಆಸುಪಾಸಿಗೆ ಇಳಿದಿತ್ತು! 2014ರ ಇನ್ನೊಂದು ಅಧ್ಯಯನದಲ್ಲಿ ಕಡಿಮೆ ಪ್ರಮಾಣದ ಈಸ್ಟ್ರೋಜನ್‌ನಿಂದ ಝಳ ಶೇ. 53, ವೆನ್ಲಾಫ್ಯಾಕ್ಸಿನ್ 75 ಮಿ.ಗ್ರಾಂ.ನಿಂದ ಶೇ. 48, ಹುಸಿಗುಳಿಗೆಯಿಂದ ಶೇ. 29ರಷ್ಟು ತಗ್ಗಿತು. ಅಂದರೆ ಪೂರ್ತಿ ಹೋಗುವುದಿಲ್ಲ, ರಾತ್ರಿ ನಿದ್ದೆ ಹತ್ತುವಷ್ಟು ಇಳಿಯಬಹುದು. ಝಳಕ್ಕೆ ಎಲ್ಲಕ್ಕಿಂತ ಬಲವಾದ ಔಷಧಿ ಇವತ್ತಿಗೂ ಹಾರ್ಮೋನ್ ಚಿಕಿತ್ಸೆಯೇ. 60 ವರ್ಷದೊಳಗಿನ, ಬೇರೆ ತೊಂದರೆ ಇಲ್ಲದವರು ಅದರ ಬಗ್ಗೆಯೇ ಮೊದಲು ಡಾಕ್ಟರ ಜೊತೆ ಮಾತಾಡುವುದು ಒಳ್ಳೆಯದು. ಅದು ಬೇಡ ಅನ್ನುವವರಿಗೆ, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ, ಸ್ತನ ಕ್ಯಾನ್ಸರ್ ಆದವರಿಗೆ ಈ ಗುಳಿಗೆಗಳು ಇನ್ನೊಂದು ದಾರಿ.

ಟ್ಯಾಮೊಕ್ಸಿಫೆನ್ ತಗೊಳ್ಳುವವರು ಇದನ್ನು ಓದಲೇಬೇಕು

ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದು, ಈಗ ಟ್ಯಾಮೊಕ್ಸಿಫೆನ್ ನುಂಗುತ್ತಿರುವವರಿಗೆ ಆ ಗುಳಿಗೆಯಿಂದಲೇ ಝಳ ಬರುತ್ತದೆ. ಟ್ಯಾಮೊಕ್ಸಿಫೆನ್ ಲಿವರ್‌ನಲ್ಲಿ ಬದಲಾದ ಮೇಲಷ್ಟೇ ಪೂರ್ತಿ ಕೆಲಸ ಮಾಡುವುದು. ಪ್ಯಾರೊಕ್ಸೆಟಿನ್ ಮತ್ತು ಫ್ಲೂಆಕ್ಸೆಟಿನ್ ಆ ಬದಲಾವಣೆಯನ್ನೇ ತಡೆಯುತ್ತವೆ. ಝಳ ಇಳಿಯಿತು ಅಂತ ಸಮಾಧಾನಪಟ್ಟುಕೊಂಡರೆ ಅತ್ತ ಕ್ಯಾನ್ಸರ್ ಗುಳಿಗೆಯ ಬಲ ಕುಂದಿರುತ್ತದೆ. ಇಂಥವರಿಗೆ ಡಾಕ್ಟರುಗಳು ಸಾಮಾನ್ಯವಾಗಿ ವೆನ್ಲಾಫ್ಯಾಕ್ಸಿನ್ ಆರಿಸುತ್ತಾರೆ. ಊರಿನ ಯಾವ ಡಾಕ್ಟರಿಗೆ ತೋರಿಸಿದರೂ ಕ್ಯಾನ್ಸರ್ ಫೈಲು ಒಯ್ಯಿರಿ. ಝಳ ತಾಳದೆ ಟ್ಯಾಮೊಕ್ಸಿಫೆನ್ ಬಿಟ್ಟುಬಿಡುವುದಂತೂ ಬೇಡವೇ ಬೇಡ.

ಉಳಿದ ಎಚ್ಚರಿಕೆಗಳು

ಮೊದಲ ವಾರ ವಾಕರಿಕೆ, ಬಾಯಿ ಒಣಗುವುದು, ನಿದ್ದೆಯ ಏರುಪೇರು ಇರಬಹುದು, ಬಹಳ ಜನರಿಗೆ ತಾನಾಗೇ ಕಡಿಮೆಯಾಗುತ್ತದೆ. ಗಂಡ-ಹೆಂಡಿರ ಸಂಬಂಧದಲ್ಲಿ ಆಸಕ್ತಿ ತಗ್ಗಬಹುದು. ಇದನ್ನು ಡಾಕ್ಟರಿಗೆ ಹೇಳಲು ಸಂಕೋಚ ಬೇಡ, ಗುಳಿಗೆ ಬದಲಿಸಲು ಬರುತ್ತದೆ. ವೆನ್ಲಾಫ್ಯಾಕ್ಸಿನ್‌ನಿಂದ ಬಿ.ಪಿ. ಏರಬಹುದು, ಆಗಾಗ ನೋಡಿಸಬೇಕು. ಮೂತ್ರ ಹೆಚ್ಚಿಸುವ ಬಿ.ಪಿ. ಗುಳಿಗೆ ತಗೊಳ್ಳುವ ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿದು ತಲೆ ಗಿರ್ರ್ ಅನ್ನಬಹುದು. ನಮ್ಮ ಕಡೆ ಮೊಣಕಾಲ ಬ್ಯಾನಿಗೆ ದಿನಾ ನೋವಿನ ಗುಳಿಗೆ ನುಂಗುವವರು ಬಹಳ. ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಟ್ರಮಡಾಲ್ ಜೊತೆಗಂತೂ ಡಾಕ್ಟರನ್ನು ಕೇಳದೆ ಬೇಡ. ಹಿಂದೆ ಎಂದಾದರೂ ಅತಿ ಉತ್ಸಾಹ, ನಿದ್ದೆಯೇ ಬೇಡ ಅನ್ನುವ ಸ್ಥಿತಿ ಬಂದಿದ್ದರೆ ಮೊದಲೇ ಹೇಳಿರಿ.

ಝಳ ಇಳಿಯಿತು ಅಂತ ಒಂದೇ ದಿನಕ್ಕೆ ಗುಳಿಗೆ ನಿಲ್ಲಿಸಿದರೆ ತಲೆಸುತ್ತು, ಕರೆಂಟ್ ಹೊಡೆದಂಥ ಅನುಭವ, ಸಿಡುಕು ಬರುತ್ತವೆ. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಬಿಟ್ಟವರಲ್ಲಿ ಇದು ಹೆಚ್ಚು. 'ಚಟ ಹತ್ತೇತಿ' ಅಂತ ಜನ ಅನ್ನುವುದು ಇದಕ್ಕೇ, ಆದರೆ ಇದು ಚಟವಲ್ಲ. ಪ್ರಮಾಣ ಹಂತ ಹಂತವಾಗಿ ಇಳಿಸಿದರೆ ತೊಂದರೆ ಕಡಿಮೆ. ಸಂತೆ ದಿನ ಗುಳಿಗೆ ಸಿಗಲಿಲ್ಲ, ನಾಳೆ ನೋಡೋಣ ಅನ್ನುವಂಥ ಔಷಧಿ ಇದಲ್ಲ, ಮುಗಿಯುವ ನಾಲ್ಕು ದಿನ ಮೊದಲೇ ತರಿಸಿಟ್ಟುಕೊಳ್ಳಿ. ಪಕ್ಕದ ಮನೆಯವರಿಗೆ ಗುಣ ಆಯ್ತು ಅಂತ ಅವರ ಪಾಕೀಟಿನಿಂದ ಎರಡು ಇಸಗೊಂಡು ನುಂಗುವುದೂ ಬೇಡ.

ಎಲ್ಲ ಬೆವರೂ ಮುಟ್ಟಿನದಲ್ಲ. ರಾತ್ರಿ ಬೆವರಿನ ಜೊತೆ ಜ್ವರ, ಕೆಮ್ಮು, ತೂಕ ಇಳಿಕೆ ಇದ್ದರೆ ಕ್ಷಯದ ಕಫ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ಏರಿದರೂ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದರೂ ಬೆವರು ಬರುತ್ತದೆ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಝಳದ ಮಾತು ಆಮೇಲೆ, ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಎಲ್ಲಿ ತೋರಿಸಬೇಕು?

ಮೊದಲು ತಾಲೂಕು ಆಸ್ಪತ್ರೆ ಅಥವಾ ಗದಗ ಜಿಮ್ಸ್‌ನ ಸ್ತ್ರೀರೋಗ ವಿಭಾಗ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋರೋಗ ತಜ್ಞರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಝಳದ ಜೊತೆ ಮನಸ್ಸೂ ಕುಗ್ಗಿದ್ದರೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ, ದರದಲ್ಲಿ ಬಹಳ ವ್ಯತ್ಯಾಸವಿರುತ್ತದೆ.

ಮೆಡಿಕಲ್ ಅಂಗಡಿಯವರಿಗೂ ಒಂದು ಮಾತು. ಇವು ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಿಗಳು. ಚೀಟಿ ತಂದವರಿಗೆ ನಾಲ್ಕು ಮಂದಿ ಎದುರು ಅದು ಯಾವ ರೋಗದ ಗುಳಿಗೆ ಅಂತ ಕೇಳಬೇಡಿ. ಬೇರೆ ಯಾವ ಗುಳಿಗೆ ನುಂಗ್ತೀರಿ ಅಂತ ಮೆಲ್ಲಗೆ ಕೇಳಿ, ಟ್ಯಾಮೊಕ್ಸಿಫೆನ್ ಅಂದರೆ ಡಾಕ್ಟರಿಗೆ ಒಂದು ಫೋನ್ ಹಚ್ಚಿ.