ಹೊವಾರ್ಡ್ ಅನ್ನೋ ಹೆಸರಿನ ಜಾಡು ಹಿಡಿದು

ಕಾಂಪೋಸ್ಟ್ ಬಗ್ಗೆ ಯಾರು ಮಾತಾಡಿದರೂ ಆಲ್ಬರ್ಟ್ ಹೊವಾರ್ಡ್ ಹೆಸರು ಬಂದೇ ಬರುತ್ತೆ. ಇಂದೋರ್ ಪದ್ಧತಿ ಕೊಟ್ಟವರು ಅಂತ. ಆದರೆ ಹಳೇ ವಿಜ್ಞಾನದ ಪುಸ್ತಕ, ವರದಿಗಳಲ್ಲಿ ಇದೇ ಅಡ್ಡಹೆಸರು ಹುಡುಕ್ತಾ ಹೋದ್ರೆ ಒಬ್ಬರಲ್ಲ, ಹಲವರು ಸಿಗ್ತಾರೆ. ಯಾರು ಯಾರು ಅಂತ ಬಿಡಿಸಿ ನೋಡೋಣ.

ಮೊದಲು ಸಿಗೋರು ಲ್ಯೂಕ್ ಹೊವಾರ್ಡ್. ಲಂಡನ್ನಿನಲ್ಲಿ ಔಷಧಿ ತಯಾರಿಸ್ತಿದ್ದವರು. ಆಕಾಶ ನೋಡೋ ಹುಚ್ಚು. 1802ರಲ್ಲಿ ಮೋಡಗಳಿಗೆ ಹೆಸರಿಟ್ಟು ಒಂದು ಉಪನ್ಯಾಸ ಕೊಟ್ಟರು. ಹತ್ತಿ ಗುಡ್ಡೆ ಹಾಕಿದಂಗೆ ಬರೋದು ಕ್ಯುಮುಲಸ್, ಎತ್ತರದಲ್ಲಿ ಎಳೆ ಎಳೆಯಾಗಿರೋದು ಸಿರಸ್, ಚಾಪೆ ಹಾಸಿದಂಗಿರೋದು ಸ್ಟ್ರಾಟಸ್, ಮಳೆ ಸುರಿಸೋದು ನಿಂಬಸ್. ಇವತ್ತು ಗುಡುಗು ಮಳೆ ಮೋಡಕ್ಕೆ ಕ್ಯುಮುಲೋನಿಂಬಸ್ ಅಂತಾರಲ್ಲ, ಅದರ ಬೇರು ಇಲ್ಲಿದೆ.

ಇವರ ಮಗ ಜಾನ್ ಎಲಿಯಟ್ ಹೊವಾರ್ಡ್. ಚಳಿಜ್ವರಕ್ಕೆ ಕೊಡೋ ಕ್ವಿನೈನ್ ಬರೋದು ಸಿಂಕೋನಾ ಮರದ ತೊಗಟೆಯಿಂದ. 1860ರ ಹೊತ್ತಿಗೆ ನೀಲಗಿರಿಯಲ್ಲಿ ಸರ್ಕಾರ ಸಿಂಕೋನಾ ನೆಡಿಸಿತು. ಅಲ್ಲಿಂದ ಹೋದ ತೊಗಟೆಯಲ್ಲಿ ಎಷ್ಟು ಸತ್ವ ಇದೆ ಅಂತ ಪರೀಕ್ಷೆ ಮಾಡಿ ಹೇಳಿದವರು ಇವರು. ಅಪ್ಪ ಮೋಡ, ಮಗ ತೊಗಟೆ. ಇಲ್ಲಿ ಹೆಸರೂ ಒಂದೇ, ಮನೆಯೂ ಒಂದೇ.

ನಮ್ಮ ಆಲ್ಬರ್ಟ್ ಹುಟ್ಟಿದ್ದು 1873ರಲ್ಲಿ, ಇಂಗ್ಲೆಂಡಿನ ಶ್ರಾಪ್‌ಶೈರ್ ಕಡೆ ರೈತರ ಮನೆಯಲ್ಲಿ. ಹೆಸರು ಅದೇ, ಊರು ಕಸುಬು ಬೇರೆ. 1905ರಲ್ಲಿ ಬಿಹಾರದ ಪೂಸಾ ಕೃಷಿ ಸಂಸ್ಥೆಗೆ ಬಂದರು. ಅಲ್ಲಿಂದ ಮುಂದಿನ ವರದಿಗಳಲ್ಲಿ ಎರಡು ಹೆಸರು ಜೊತೆಜೊತೆಗೆ ಬರ್ತವೆ: ಎ. ಹೊವಾರ್ಡ್, ಜಿ.ಎಲ್.ಸಿ. ಹೊವಾರ್ಡ್. ಬರೀ ಇನಿಷಿಯಲ್ ನೋಡಿದೋರು ಅಣ್ಣತಮ್ಮ ಅಂದುಕೋಬೇಕು. ಅಲ್ಲ, ಅದು ಅವರ ಹೆಂಡತಿ ಗೇಬ್ರಿಯಲ್.

ಈಯಮ್ಮ ಮದುವೆಗೆ ಮುಂಚೆಯೇ ವಿಜ್ಞಾನಿ. ಎಲೆ ಆಹಾರ ತಯಾರಿಸೋ ಕೆಲಸದ ಮೇಲೆ ಶಾಖದ ಪರಿಣಾಮ ಏನು ಅಂತ ಕೇಂಬ್ರಿಡ್ಜಿನಲ್ಲಿ ಪ್ರಯೋಗ ಮಾಡಿ 1904ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ಬೆಳಕು, ಶಾಖ, ಇಂಗಾಲದ ಡೈಆಕ್ಸೈಡ್, ಇವುಗಳಲ್ಲಿ ಯಾವುದು ಕಮ್ಮಿಯೋ ಅದೇ ಗಿಡದ ಕೆಲಸಕ್ಕೆ ಕಟ್ಟು ಹಾಕುತ್ತೆ ಅನ್ನೋ ಬ್ಲ್ಯಾಕ್‌ಮನ್ ನಿಯಮಕ್ಕೆ ಆ ಪ್ರಯೋಗಗಳೇ ಬುನಾದಿ. ಆದರೆ ಆ ಪ್ರಬಂಧದ ಮೇಲೆ ಇರೋದು ಮಥಾಯ್ ಅನ್ನೋ ತವರಿನ ಹೆಸರು. ಹೊವಾರ್ಡ್ ಅಂತ ಹುಡುಕಿದರೆ ಅದು ಸಿಗಲ್ಲ. ಮಥಾಯ್ ಅಂತ ಹುಡುಕಿದರೆ ಪೂಸಾ ಗೋಧಿ ಸಿಗಲ್ಲ. ಒಬ್ಬ ಹೆಂಗಸು, ಎರಡು ತುಂಡು.

ಪೂಸಾ 4, ಪೂಸಾ 12 ಗೋಧಿ ತಳಿ ಗಂಡಹೆಂಡತಿ ಇಬ್ಬರ ದುಡಿಮೆ. 1909ರ ಗೋಧಿ ಪುಸ್ತಕವೂ ಇಬ್ಬರದೇ. ಆಮೇಲೆ ಇಂದೋರಿಗೆ ಹೋದರು. ಕಸಕಡ್ಡಿ, ಸಗಣಿ, ಗಂಜಲ ಕುಡಿದ ಮಣ್ಣು, ಬೂದಿ, ಇವನ್ನ ಪದರ ಪದರ ಹಾಕಿ, ಮೂರು ಸಲ ತಿರುವಿ, ಮೂರು ತಿಂಗಳಿಗೆ ಗೊಬ್ಬರ ಮಾಡೋದು ಅಲ್ಲೇ ರೂಪಕ್ಕೆ ಬಂದಿದ್ದು. 1930ರಲ್ಲಿ ಗೇಬ್ರಿಯಲ್ ತೀರಿಕೊಂಡರು. ಮಾರನೇ ವರ್ಷ ಇಂದೋರ್ ಪದ್ಧತಿಯ ಪುಸ್ತಕ ಬಂತು. ಅದರ ಮೇಲೆ ಆಲ್ಬರ್ಟ್ ಜೊತೆ ಇನ್ನೊಂದು ಹೆಸರಿದೆ, ಯಶವಂತ ಡಿ. ವಾಡ್. ನಮ್ಮ ದೇಶದವರು. ಕಾಂಪೋಸ್ಟ್ ಪಾಠದಲ್ಲಿ ವಾಡ್ ಹೆಸರು ಎಷ್ಟು ಸಲ ಕೇಳಿದ್ದೀರಿ?

ಜಾಡು ಇಲ್ಲಿಗೆ ಮುಗಿಯಲ್ಲ. ಆಲ್ಬರ್ಟ್ 1931ರಲ್ಲಿ ಗೇಬ್ರಿಯಲ್ ತಂಗಿ ಲೂಯಿಸ್ ಅವರನ್ನ ಮದುವೆಯಾದರು. ಕೃಷಿ ಕಾರ್ಮಿಕರ ಬಗ್ಗೆ ಪುಸ್ತಕ ಬರೆದಾಕೆ ಅವರು. ಭಾರತದಲ್ಲಿ ಆಲ್ಬರ್ಟ್ ಮಾಡಿದ ಕೆಲಸದ ಚರಿತ್ರೆಯನ್ನ 1953ರಲ್ಲಿ ಬರೆದವರೂ ಅವರೇ. ಅಲ್ಲಿಗೆ ಒಂದೇ ಮನೆಯಲ್ಲಿ ಮೂವರು ಹೊವಾರ್ಡ್.

ನೋಡಿ, ಅಡ್ಡಹೆಸರು ಸಂಬಂಧ ಇಲ್ಲದೋರನ್ನ ಒಂದೇ ಸಾಲಲ್ಲಿ ಕೂರಿಸುತ್ತೆ, ಒಬ್ಬಳನ್ನೇ ಎರಡು ಮಾಡುತ್ತೆ, ಜೊತೆಗೆ ದುಡಿದೋರನ್ನ ಮರೆಸುತ್ತೆ. ನಮ್ಮೂರಲ್ಲಿ ಅರ್ಧ ಊರು ಗೌಡರೇ. ಪಹಣಿಯಲ್ಲಿ ತಂದೆ ಹೆಸರು, ಸರ್ವೆ ನಂಬರ್ ನೋಡದೆ ಇವರೇ ಅಂತ ಯಾರೂ ಹೇಳಲ್ಲ. ಪುಸ್ತಕಕ್ಕೂ ಅದೇ ಲೆಕ್ಕ. ಇನ್ನೊಂದು ಮಾತು: ಪಹಣಿ ಗಂಡನ ಹೆಸರಲ್ಲಿ ಇರುತ್ತೆ, ಕಳೆ ಕೀಳೋಳು, ಬೀಜ ಎತ್ತಿಡೋಳು ಹೆಂಡತಿ. ಇನ್ಮೇಲೆ ತಿಪ್ಪೆ ತಿರುವುವಾಗ ಹೊವಾರ್ಡ್ ನೆನಪಾದ್ರೆ ಗೇಬ್ರಿಯಲ್ ಅವರನ್ನೂ ವಾಡ್ ಅವರನ್ನೂ ಸೇರಿಸಿಕೊಳ್ಳಿ.